ಮುಂಗಾಲಿ ಏರು ಹತ್ತಿದ ಬಗೆ

ನಮ್ಮೂರಲ್ಲಿ ಒಬ್ಬನಿಗೆ ನೆಗಡಿಯಾದರೆ ಒಂದು ಬಸ್ಸು ನಿಲ್ಲುತ್ತದೆ. ಹಿಟ್ಟಿನ ಗಿರಣಿಯವರಿಗೆ ಗಂಟಲು ಕಟ್ಟಿದರೆ ಅರ್ಧ ಊರಿಗೆ ರೊಟ್ಟಿ ಇಲ್ಲ. ಇಲ್ಲಿ ಯಂತ್ರಕ್ಕೆ ಎಣ್ಣೆ ಬಿಡಬೇಕು, ಪೆಟ್ರೋಲು ಹಾಕಬೇಕು, ಆಮೇಲೆ ಬಾಯಿಯನ್ನೂ ಕೊಡಬೇಕು. ಯಂತ್ರ ತಾನಾಗಿ ಸದ್ದು ಮಾಡುವುದಿಲ್ಲ. ಅದರ ಸದ್ದನ್ನು ಯಾರಾದರೂ ಮಾಡುತ್ತಲೇ ಇರಬೇಕು. ಸದ್ದು ನಿಂತರೆ ಯಂತ್ರ ನಿಂತಿತು. ಮನೆಯ ಫ್ಯಾನಿಗೆ ಅಜ್ಜಿಯರು ಸಾಕು. ಮಧ್ಯಾಹ್ನ ಊಟವಾದ ಮೇಲೆ ಚಾಪೆಯ ಮೇಲೆ ಉರುಳಿಕೊಂಡು 'ಹೂಂ' ಎನ್ನುತ್ತ ಹೋದರೆ ರೆಕ್ಕೆ ತಿರುಗುತ್ತದೆ, ಅಜ್ಜಿಗೆ ನಿದ್ದೆ ಹತ್ತಿದರೆ ಸೆಕೆ ಶುರುವಾಗುತ್ತದೆ. ಗೊರಕೆ ಹೊಡೆಯುವ ಅಜ್ಜಿ ಇರುವ ಮನೆಗೆ ಹೆಣ್ಣು ಕೊಡಲು ಜನ ಮುಗಿಬೀಳುತ್ತಾರೆ.

ಬಸ್ಸು, ಲಾರಿ, ಕಾರುಗಳಿಗೆ ಮಾತ್ರ ಕಲಿತವರೇ ಬೇಕು. ಅವರನ್ನು ಬಾಯಾಳು ಅನ್ನುತ್ತೇವೆ. ಎದೆಯ ಮೇಲೆ ಸಂಘದ ಹಿತ್ತಾಳೆ ಬಿಲ್ಲೆ, ಜೇಬಿನಲ್ಲಿ ಜ್ಯೇಷ್ಠಮಧುವಿನ ತುಂಡು, ಬೇಸಿಗೆಯಲ್ಲೂ ಕೊರಳಿಗೆ ಮಫ್ಲರು. ಗಾಡಿ ಮುಂದಕ್ಕೆ ಹೋಗುವ ಸದ್ದನ್ನು ಉಸಿರು ಬಿಡುತ್ತ ಮಾಡಬೇಕು, ಹಿಂದಕ್ಕೆ ಹೋಗುವ ಸದ್ದನ್ನು ಉಸಿರು ಒಳಗೆಳೆದುಕೊಳ್ಳುತ್ತ. ಬಿಡುವಾಗ ಶಹನಾಯಿಯವರ ಹಾಗೆ ನಡುನಡುವೆ ಮೂಗಿನಿಂದ ಉಸಿರು ಕದಿಯಬಹುದು, ಎಳೆಯುವಾಗ ಆ ಕಳ್ಳದಾರಿ ಇಲ್ಲ. ಹೀಗಾಗಿ ಒಂದು ಎದೆ ಹಿಡಿಸುವಷ್ಟು ದೂರಕ್ಕಿಂತ ಹೆಚ್ಚು ಹಿಂದಕ್ಕೆ ಯಾವ ಗಾಡಿಯೂ ಹೋಗದು. ನಮ್ಮ ಬಸ್ ಸ್ಟ್ಯಾಂಡನ್ನು ದುಂಡಗೆ ಕಟ್ಟಿರುವುದು ಅದಕ್ಕೇ. ಸಿಮೆಂಟಿನ ಲಾರಿಯನ್ನು ಓಣಿಯ ತುದಿಯವರೆಗೂ ಹಿಂದಕ್ಕೆ ಬಿಡಲು ಹೋಗಿ ಒಬ್ಬ ಬಾಯಾಳು ಗಾಯಾಳಾದದ್ದನ್ನು ಊರು ಇನ್ನೂ ಮರೆತಿಲ್ಲ.

ನಾನೂ ಬಾಯಾಳಾಗಿದ್ದವನೇ. ಹೆಸರು ನೇಮಿರಾಜ, ಓದಿದ್ದು ಕನ್ನಡ ಬಿ.ಎ. 'ನೇಮಿ ಅಂದರೆ ಚಕ್ರದ ಅಂಚು, ನನ್ನ ಹೆಸರಲ್ಲೇ ಗಾಡಿ ಇದೆ' ಎಂದು ಸಂಘದ ಸಂದರ್ಶನದಲ್ಲಿ ಹೇಳಿದ್ದೆ. 'ಹಂಗಾದ್ರೆ ಅಂಚಲ್ಲೇ ಇರಪ್ಪ' ಎಂದು ಹಿರಿಯ ಬಾಯಾಳು ಭರಮಣ್ಣ ನನ್ನನ್ನು ಊರಂಚಿನ ಕಸದ ಲಾರಿಗೆ ಹಾಕಿದರು. ಅದೂ ಹೆಚ್ಚು ಕಾಲ ನಡೆಯಲಿಲ್ಲ. ನಮ್ಮ ಪುರಸಭೆಯ ಅಧ್ಯಕ್ಷ ದಾನಪ್ಪನವರದು ಒಂದು ವಿಶೇಷವಾದ ಕೆಮ್ಮು. ಮೊದಲು ಮೂಗಿನಲ್ಲಿ ಒಂದು 'ಹ್ಮ್', ನಂತರ ಗಂಟಲಲ್ಲಿ 'ಖೊಕ್ ಖೊಕ್', ಆಮೇಲೆ 'ಹೇಳೋದೇನಂದ್ರೆ'. ಒಂದು ದಿನ ಪುರಸಭೆಯ ಜಗಲಿಯ ಮೇಲೆ ನಿಂತು ಅದನ್ನು ಹಾಗೇ ಇಳಿಸಿದೆ. ಒಳಗೆ ತೂಕಡಿಸುತ್ತಿದ್ದ ಗುಮಾಸ್ತರೆಲ್ಲ ಧಡಕ್ಕನೆ ಎದ್ದು ನಿಂತರು. ಅಷ್ಟಕ್ಕೇ ನಿಂತಿದ್ದರೆ ಸರಿಹೋಗುತ್ತಿತ್ತು; ಅವರ ಜೊತೆ ತೂಕಡಿಸುತ್ತಿದ್ದ ಅಧ್ಯಕ್ಷರೂ ಎದ್ದು ನಿಂತರು. ನನ್ನ ಬಿಲ್ಲೆ ಕಿತ್ತುಕೊಂಡರು. 'ಬಿಲ್ಲೆ ಹೋದರೇನು, ಬಿಲ್ಲು ಇಲ್ಲೇ ಇದೆ' ಎಂದು ಬಾಯಿ ತೋರಿಸಿ ಬಂದೆ. ಅಲ್ಲಿಂದ ಮುಂದೆ ಖಾದರ್ ಸಾಹೇಬರ ಟೈಲರ್ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ 'ಟಿರ್ರ್' ಅನ್ನುವುದೇ ನನ್ನ ಕಸುಬಾಯಿತು. ಸದ್ದು ಮಾಡಿದವನಿಗೆ ಸೂಜಿ ಗತಿ.

ಇಂದ್ರಾಣಮ್ಮ ಬಂದದ್ದು ಆ ಅಂಗಡಿಗೇ, ಒಂದು ಸುರುಳಿ ಕಂದು ರೆಕ್ಸಿನ್ ಹೆಗಲಿಗೆ ಹೊತ್ತುಕೊಂಡು. ಊರಿಗೆಲ್ಲ ಅವರು ಗೊತ್ತು. ಹಿಂದೆ ಇಲ್ಲೊಂದು ಫೌಂಡ್ರಿ ಇತ್ತು, ಅದರಲ್ಲಿ ನಕ್ಷೆ ಬರೆಯುವ ಕೆಲಸ ಅವರದು. ಆ ಕಾಲದಲ್ಲಿ ಅವರು ಒಂದು ಕಾರಿನ ನಕ್ಷೆ ಬರೆದರು, ಫೌಂಡ್ರಿಯ ಧಣಿಗಳು ಮಾದರಿಗೆಂದು ಒಂದನ್ನು ಕಟ್ಟಿಸಿದರು. ಹಿಂದಿನ ಚಕ್ರ ತಳ್ಳಿ ನಡೆಸುವ ಕಾರಲ್ಲ, ಮುಂದಿನ ಚಕ್ರ ಎಳೆದು ನಡೆಸುವ ಕಾರು. ಅದಕ್ಕೆ ಇಂದ್ರಾಣಮ್ಮ ಇಟ್ಟ ಹೆಸರು ಮುಂಗಾಲಿ. ಭರಮಣ್ಣ ಆಗಿನ್ನೂ ಮೀಸೆ ಕಪ್ಪಗಿದ್ದ ಬಾಯಾಳು; ಅವರೂ ಸಂಘದ ಉಳಿದವರೂ ತಮಗೆ ಬರುವ ಸದ್ದನ್ನೆಲ್ಲ ಅದರ ಮುಂದೆ ಮಾಡಿ ನೋಡಿದರು. ಕಾರು ಒಮ್ಮೆ ನಡುಗುವುದು, ಸಾಯುವುದು. ಕೊನೆಗೆ 'ಇದಕ್ಕೆ ಸದ್ದೇ ಇಲ್ಲ' ಎಂದು ಸಂಘ ತೀರ್ಮಾನ ಮಾಡಿತು. ಫೌಂಡ್ರಿ ಮುಚ್ಚಿತು, ಧಣಿಗಳು ತೀರಿಕೊಂಡರು, ಕಾರು ಶೆಡ್ಡಿನಲ್ಲಿ ಉಳಿಯಿತು. ಊರವರು ಅದನ್ನು ಮುಂಗಾಲಿ ಎಂದು ಕರೆಯುವುದನ್ನು ಬಿಡಲಿಲ್ಲ, ಅದರ ನಕ್ಷೆ ಬರೆದವರನ್ನು ಮುಂಗೋಪಿ ಎನ್ನುವುದನ್ನೂ.

"ಅಧ್ಯಕ್ಷನ ಕೆಮ್ಮು ಕೆಮ್ಮಿದ್ದು ನೀನೇನಾ?" ಎಂದು ಇಂದ್ರಾಣಮ್ಮ ನನ್ನನ್ನು ಕೇಳಿದರು.

ಟಿರ್ರ್ ನಿಲ್ಲಿಸಿ ಹೌದೆಂದೆ. ಖಾದರ್ ಸಾಹೇಬರ ಸೂಜಿ ಪ್ಯಾಂಟಿನ ಮಧ್ಯದಲ್ಲಿ ನಿಂತಿತು.

"ಅವನೇ ಎದ್ದು ನಿಂತನಂತೆ?"

"ನಿಂತ್ರು. ಯಾರು ಕೂತಿದಾರೆ ಅಂತ ಅವರಿಗೇ ಅನುಮಾನ ಬಂದಿರ್ಬೇಕು."

"ಹಂಗಾದ್ರೆ ಎದ್ದು ಬಾ. ಕೆಲಸ ಇದೆ."

"ಅಮ್ಮಾ, ಈ ಪ್ಯಾಂಟೊಂದು ಮುಗೀಲಿ," ಎಂದು ಖಾದರ್ ಸಾಹೇಬರು ಬೇಡಿಕೊಂಡರು. "ಮದುವೆ ಗಂಡಿಂದು."

"ಗಂಡಿಗೆ ಪಂಚೆ ಉಡಿಸಿ," ಅಂದರು ಇಂದ್ರಾಣಮ್ಮ.

ದಾರಿಯಲ್ಲಿ ವಿಷಯ ಹೇಳಿದರು. ಪೇಟೆಯ ನಡುವೆ ಹೊಸ ಸರ್ಕಲ್ ಆಗುತ್ತಿತ್ತಲ್ಲ, ಅದರ ಮಧ್ಯೆ ಏನಿಡುವುದೆಂದು ಪುರಸಭೆ ಯೋಚಿಸಿ, ಮುಂಗಾಲಿಯನ್ನು ಇಡುವುದೆಂದು ತೀರ್ಮಾನಿಸಿತ್ತು. ಇಂಜಿನ್ ಕಿತ್ತು, ಬಾನೆಟ್ಟಿನೊಳಗೂ ಸೀಟುಗಳ ಮೇಲೂ ಮಣ್ಣು ತುಂಬಿ, ಸೇವಂತಿಗೆ ನೆಡುವುದು. ಇಂದ್ರಾಣಮ್ಮ ಹೋಗಿ ಜಗಳವಾಡಿದರು. ದಾನಪ್ಪನವರು ಕೆಮ್ಮಿ, ಸದ್ದಿಲ್ಲದ್ದು ಗಾಡಿಯಲ್ಲ, ಸಾಮಾನು, ಸಾಮಾನಿನ ಮೇಲೆ ಪುರಸಭೆಗೆ ಹಕ್ಕಿದೆ ಅಂದರು. ಗಾಡಿ ಅನ್ನುವುದಾದರೆ ಮುಂದಿನ ಸಭೆಯ ದಿನ ಅದು ತಾನಾಗಿ ಏರು ಹತ್ತಿ ಪುರಸಭೆಯ ಬಾಗಿಲಿಗೆ ಬರಲಿ, ಗಾಡಿ ಅಂತ ಬರೆದುಕೊಳ್ಳುತ್ತೇವೆ. ಬರದಿದ್ದರೆ ಹೂವಿನ ಕುಂಡ.

"ನೀವೇ ಸದ್ದು ಮಾಡಬಹುದಿತ್ತಲ್ಲ?" ಎಂದೆ.

"ಮಾಡಿ ನೋಡಿದೀನಿ. ನನ್ನ ಗಂಟಲಿಂದ ಬೈಗುಳ ಬಿಟ್ರೆ ಇನ್ನೇನೂ ನೆಟ್ಟಗೆ ಹೊರಡಲ್ಲ."

ಶೆಡ್ಡಿನ ಬಾಗಿಲು ತೆರೆದರು. ಕಾರಿಗೆ ಬಣ್ಣ ಹೊಡೆದೇ ಇರಲಿಲ್ಲ, ತುಕ್ಕು ಹಿಡಿಯದಿರಲೆಂದು ಬಳಿದ ಕೆಮ್ಮಣ್ಣಿನ ಬಣ್ಣದ ಆಕ್ಸೈಡು ಮಾತ್ರ ಇತ್ತು. ಮೂತಿ ಉದ್ದ. ಎರಡು ದೀಪಗಳ ನಡುವೆ ಬೋಗುಣಿ ಬೋರಲು ಹಾಕಿದಂತೆ ಒಂದು ಉಬ್ಬು. ಮೈ ನೆಲಕ್ಕೆ ಎಷ್ಟು ಹತ್ತಿರವೆಂದರೆ ಬೇರೆ ಕಾರುಗಳಿಗೆ ಹತ್ತುವಂತೆ ಇದಕ್ಕೆ ಹತ್ತಲಾಗದು, ಇಳಿಯಬೇಕು. ಒಳಗೆ ನೆಲ ಪಡಸಾಲೆಯಂತೆ ಮಟ್ಟಸ, ಮಧ್ಯದಲ್ಲಿ ಉಬ್ಬಿಲ್ಲ, ಗೇರಿನ ಕೋಲೂ ಇಲ್ಲ. ಕೋಲು ಎಲ್ಲಿ ಎಂದು ಹುಡುಕಿದರೆ ಅದು ಡ್ಯಾಶ್‌ಬೋರ್ಡಿನಿಂದ ಕೊಡೆಯ ಹಿಡಿಯ ಹಾಗೆ ಹೊರಗೆ ಚಾಚಿಕೊಂಡಿತ್ತು. ಹಿಡಿದು ಎಳೆದರೆ ಒಂದು ಗೇರು, ತಿರುಚಿ ನೂಕಿದರೆ ಇನ್ನೊಂದು. ಬ್ರೇಕಿನ ಡ್ರಮ್ಮುಗಳು ಮುಂದಿನ ಚಕ್ರದೊಳಗೆ ಇರಲಿಲ್ಲ; ಚಕ್ರಕ್ಕೆ ಭಾರವಾಗಬಾರದೆಂದು ಒಳಕ್ಕೆ, ಗೇರು ಪೆಟ್ಟಿಗೆಯ ಎರಡು ಕೆನ್ನೆಗಳಿಗೆ ತಂದಿಟ್ಟಿದ್ದರು.

ಪಕ್ಕದ ಸೀಟಿನಲ್ಲಿ ಕೂತು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ನಮ್ಮೂರಿನ ಯಾವ ಬಾಯಾಳಾದರೂ ಮಾಡುವ ಸದ್ದು ಅದೇ: ಇಂಜಿನ್ನಿಗೆ ಗುರ್ರ್, ಗೇರಿಗೆ ಟಟಟ, ಕೊನೆಗೆ ಹಿಂದಿನ ಅಚ್ಚಿಗೆ ಉದ್ದನೆಯ ಊಊ. ಕಾರು ಒಮ್ಮೆ ಜ್ವರ ಬಂದವರ ಹಾಗೆ ನಡುಗಿತು, ಸುಮ್ಮನಾಯಿತು. ಇನ್ನೊಮ್ಮೆ, ಇನ್ನೂ ಉದ್ದದ ಊಊ. ಇನ್ನೂ ದೊಡ್ಡ ನಡುಕ.

"ಇಳಿ," ಅಂದರು ಇಂದ್ರಾಣಮ್ಮ. "ಹೊಟ್ಟೆ ಕೆಳಗೆ ಮಲಗು."

"ಯಾರ ಹೊಟ್ಟೆ?"

"ಗಾಡೀದು ಕಣೋ."

ಜಾಕ್ ಕೊಟ್ಟು ಎತ್ತಿದ ಕಾರಿನಡಿ ತೂರಿಕೊಂಡೆ. ಅವರು ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕೂತರು.

"ಮುಂದಿಂದ ಹಿಂದಕ್ಕೆ ಹೋಗೋ ಉದ್ದನೆ ಕಂಬಿ ಕಾಣ್ತಾ?"

"ಇಲ್ಲ."

"ಹಿಂದಿನ ಅಚ್ಚಿನ ಮಧ್ಯೆ ಗಡಿಗೆ ಥರದ್ದು ಏನಾದ್ರೂ ಇದೆಯಾ?"

"ಬರೀ ಪೈಪಿದೆ. ತುದಿಗೊಂದೊಂದು ಚಕ್ರ."

"ಮತ್ತೆ ಕೊನೇಲಿ ಊಊ ಅಂತ ಯಾರನ್ನ ನೋಡಿ ಊಳಿಟ್ಟೆ?"

ನಾವು ಕಂಡ ಗಾಡಿಗಳಲ್ಲೆಲ್ಲ ಇಂಜಿನ್ ಮುಂದೆ, ಅದರ ಹಿಂದೆ ಗೇರು, ಅಲ್ಲಿಂದ ಹೊಟ್ಟೆಯಡಿ ಉದ್ದನೆಯ ಕಂಬಿ ಓಡಿ ಹಿಂದಿನ ಅಚ್ಚನ್ನು ತಿರುಗಿಸುತ್ತದೆ. ಸದ್ದೂ ಹಾಗೇ ಮುಂದಿನಿಂದ ಹಿಂದಕ್ಕೆ ಹೋಗಿ ಊಳಿನಲ್ಲಿ ಮುಗಿಯುತ್ತದೆ. ಬಾಯಿಗೆ ಅದು ಎಷ್ಟು ರೂಢಿಯೆಂದರೆ ನಮ್ಮವರು ಆಕಳಿಸುವುದೂ ಅದೇ ಕ್ರಮದಲ್ಲಿ. ಇಷ್ಟು ಕಾಲ ಸಂಘದವರೆಲ್ಲ ಇಲ್ಲದ ಅಚ್ಚಿಗೆ ಊಳಿಟ್ಟು, ಪಾಪದ ಕಾರು ಅದನ್ನು ತನ್ನ ಮೈಯಲ್ಲಿ ಹುಡುಕಿ ಹುಡುಕಿ ಸತ್ತಿತ್ತು.

"ಹಿಂದಿನ ಅಚ್ಚು ಏನ್ಮಾಡತ್ತೆ ಹಾಗಾದ್ರೆ?"

"ಏನೂ ಮಾಡಲ್ಲ. ಹಿಂಬಾಲಿಸತ್ತೆ."

"ಪುರಸಭೆ ಸದಸ್ಯ ಅನ್ನಿ."

"ಮಾತು ಸಾಕು, ಮೂಗಿನ ಹತ್ರ ಬಾ. ಇಂಜಿನ್ ತಿರುಗುಮುರುಗಾಗಿ ಕೂತಿದೆ, ಮುಖ ನಮ್ಮ ಕಡೆ, ಬೆನ್ನು ರಸ್ತೆ ಕಡೆ. ರೇಡಿಯೇಟರು ನಮ್ಮ ಕಾಲ ಹತ್ರ, ಅದಕ್ಕೇ ಚಳಿಗಾಲದಲ್ಲಿ ಪಾದ ಬೆಚ್ಚಗಿರತ್ತೆ. ಶಕ್ತಿ ಇಂಜಿನ್ನಿಂದ ಮುಂದಕ್ಕೆ ಹೋಗತ್ತೆ. ತೀರ ಮೂಗಿನ ತುದೀಲಿ ಗೇರು ಪೆಟ್ಟಿಗೆ, ಆ ಬೋಗುಣಿ ಒಳಗೆ. ಅಲ್ಲಿ ಮುಟ್ಟಿ, ಅರ್ಧ ದಾರಿ ವಾಪಸ್ ಬಂದು, ಎಡಕ್ಕೊಂದು ಬಲಕ್ಕೊಂದು ಪಾಲಾಗಿ ಚಕ್ರಕ್ಕೆ ಹೋಗತ್ತೆ. ಮುಗೀತು. ಅದಕ್ಕಿಂತ ಹಿಂದಕ್ಕೆ ಸದ್ದು ಬರಕೂಡದು."

ಆ ಪಾಲಿನ ದಾರಿಯಲ್ಲೇ ಕಷ್ಟವಿತ್ತು. ಮುಂದಿನ ಚಕ್ರ ಎಳೆಯಲೂ ಬೇಕು, ತಿರುವಿನಲ್ಲಿ ಓರೆಯಾಗಲೂ ಬೇಕು. ಓರೆಯಾದಾಗಲೂ ಶಕ್ತಿ ಮುರಿಯದೆ ಹೋಗಬೇಕೆಂದು ಕಂಬಿಯ ತುದಿಯಲ್ಲಿ ಕೀಲು ಇಟ್ಟಿದ್ದರು. ಒಂದಲ್ಲ, ಒಂದರ ಬೆನ್ನಿಗೊಂದು ಎರಡು. ಅವರು ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಕೀಲಿನ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಒಳಗಿನ ಕಂಬಿಯನ್ನು ಒಂದೇ ಸಮನೆ ಕೈಯಲ್ಲಿ ತಿರುಗಿಸಿದರು.

"ಮೊದಲ್ನೇ ಕೀಲು ನೋಡು. ನಾನು ಒಂದೇ ಸಮ ತಿರುಗಿಸ್ತಿದೀನಿ, ಅದು ಒಂದೇ ಸಮ ತಿರುಗಲ್ಲ. ಒಮ್ಮೆ ಸಾವಕಾಶ, ಒಮ್ಮೆ ಅವಸರ. ಓರೆಯಾದ ಕೀಲಿನ ಬುದ್ಧಿ ಅದು. ಎರಡ್ನೇದು ನೋಡು. ಅದೂ ಹಂಗೇ, ಆದ್ರೆ ಇದು ಸಾವಕಾಶ ಅಂದ ಕಡೆ ಅದು ಅವಸರ, ಇದು ಅವಸರ ಅಂದ ಕಡೆ ಅದು ಸಾವಕಾಶ. ಚಕ್ರಕ್ಕೆ ಹೋಗೋ ಹೊತ್ತಿಗೆ ಲೆಕ್ಕ ಸಮ."

"ಹಂಗಾದ್ರೆ ಇದ್ರಲ್ಲಿ ಕೀಳು ಕೀಲು ಯಾವ್ದು?"

ಒಂದು ಸ್ಪ್ಯಾನರು ನನ್ನ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಆದರೆ ಸುಣ್ಣದ ಗುರುತು ನಿಧಾನ, ಬೇಗ, ಬೇಗ, ನಿಧಾನ ಎಂದು ಸುತ್ತುವುದನ್ನು ನೋಡುತ್ತ ನೋಡುತ್ತ ನನಗೆ ಕಾಲೇಜಿನ ಬೆಂಚು ನೆನಪಾಯಿತು. ಇದು ಛಂದಸ್ಸು. ಮೊದಲ ಕೀಲು ಗುರು ಲಘು, ಎರಡನೆಯದು ಲಘು ಗುರು. ಬಿ.ಎ. ಓದಿದ್ದಕ್ಕೆ ಏನು ಉಪಯೋಗ ಎಂದು ಅಪ್ಪ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಒಂದು ಕಾರಿನ ಹೊಟ್ಟೆಯಡಿ ಸಿಕ್ಕಿತು. ಮಲಗಿದಲ್ಲೇ ಪ್ರಸ್ತಾರ ಹಾಕಿದೆ. ಕೀಟ, ಟಕೀ. ಕೀಟ, ಟಕೀ. ಬೇಗ ಬೇಗ ಹೇಳುತ್ತ ಹೋದಾಗ ಮಧ್ಯದ ಎರಡು ಟಕಾರ ಒಂದರೊಳಗೊಂದು ಸೇರಿ, ದೀರ್ಘ ಸವೆದು, ಸಣ್ಣಗೆ ನುಣ್ಣಗೆ ಒಂದು ಪದವಾಯಿತು: ಕಿಟಕಿ ಕಿಟಕಿ ಕಿಟಕಿ.

ಜಾಕಿನ ಮೇಲಿದ್ದ ಚಕ್ರ ತನ್ನಷ್ಟಕ್ಕೆ ಕಾಲು ಸುತ್ತು ತಿರುಗಿತು. ಇಂದ್ರಾಣಮ್ಮ ಕೈ ಹಿಂದಕ್ಕೆಳೆದುಕೊಂಡರು.

ಇಂಜಿನ್ನಿಗೆ ಗುರ್ರ್ ಒಗ್ಗಲಿಲ್ಲ. ಅದು ಬೆನ್ನು ತಿರುಗಿಸಿ ಕೂತ ಇಂಜಿನ್. ಅದಕ್ಕೆ ಡಕಾರ ಬೇಕಾಯಿತು. ಡುಗುಡು, ಡುಗುಡು. ಅದರ ಮೇಲೆ ಕಿಟಕಿಯನ್ನು ಕೂರಿಸುವುದಕ್ಕೆ ನಾಲಿಗೆ ಹುಣ್ಣಾಗುವಷ್ಟು ದಿನ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ಇಂದ್ರಾಣಮ್ಮ ಕೊಡೆಯ ಹಿಡಿಯನ್ನು ಎಳೆದು ಕ್ಲಚ್ಚು ಬಿಟ್ಟರು. ಮುಂಗಾಲಿ ಶೆಡ್ಡಿನಿಂದ ಹೊರಟು, ಅಂಗಳ ದಾಟಿ, ಎದುರಿನ ಹುಲ್ಲಿನ ಬಣವೆಯೊಳಗೆ ಮೂತಿ ಹೊಗಿಸಿ ನಿಂತಿತು. ಅವರು ಬ್ರೇಕು ಒತ್ತುವುದನ್ನು ಮರೆತಿದ್ದರು. ಇಷ್ಟು ವರ್ಷ ಅದರ ಅಗತ್ಯವೇ ಬಿದ್ದಿರಲಿಲ್ಲ.

ತಲೆಯ ಮೇಲಿನ ಹುಲ್ಲು ತೆಗೆದುಹಾಕಿ, "ಎಳೀತು," ಅಂದರು. ಹೋಯಿತು ಅನ್ನಲಿಲ್ಲ, ನಡೆಯಿತು ಅನ್ನಲಿಲ್ಲ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, ಹುಲ್ಲಿನ ದೂಳನ್ನು ಬೈದರು.

ಸಭೆಯ ದಿನ ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡುಗುಡು ಕಿಟಕಿ ಎಂದು ನಾವು ಬರುತ್ತಿದ್ದರೆ ಜನ ಅಂಗಡಿ ಬಿಟ್ಟು ಹೊರಗೆ ಬಂದರು. ಫ್ಯಾನಿನ ಅಜ್ಜಿಯರು ಹೊಸ್ತಿಲಿಗೆ ಬಂದು, ಊರ ಫ್ಯಾನುಗಳೆಲ್ಲ ನಿಂತವು. ಸರ್ಕಲ್ಲಿನ ಹತ್ತಿರ ಮಣ್ಣಿನ ಗುಡ್ಡೆ ಸಿದ್ಧವಾಗಿತ್ತು, ಸೇವಂತಿಗೆ ಸಸಿಗಳೂ ಬಂದಿದ್ದವು. ಅದನ್ನು ಬಳಸಿಕೊಂಡು ಬಲಕ್ಕೆ ತಿರುಗಿದಾಗ ಎಡಗಾಲಿ ದೊಡ್ಡ ಸುತ್ತು, ಬಲಗಾಲಿ ಸಣ್ಣ ಸುತ್ತು ಹಾಕಬೇಕು. ಎಡದವಡೆಯಲ್ಲಿ ಬೇಗದ ಕಿಟಕಿ, ಬಲದವಡೆಯಲ್ಲಿ ನಿಧಾನದ ಕಿಟಕಿ ಮಾಡಿದೆ. ಕೀಲುಗಳು ಮುಗ್ಗರಿಸಲಿಲ್ಲ. "ಕಾಲೇಜು ಓದಿದೋನು ಪರವಾಗಿಲ್ವೇ," ಎಂದು ಯಾರೋ ಅಂದರು.

ಆಮೇಲೆ ಏರು ಬಂತು. ಪುರಸಭೆ ಗುಡ್ಡದ ನೆತ್ತಿಯಲ್ಲಿದೆ, ದಾರಿ ಪೂರ್ತಿ ಕಲ್ಲುಹಾಸು, ಅರ್ಜಿ ಹಿಡಿದು ಹತ್ತಿದವರ ಕಾಲಿಗೆ ಸವೆದು ಕನ್ನಡಿಯಾಗಿದೆ. ಅರ್ಧ ದೂರ ಸರಾಗವಾಗಿ ಹತ್ತಿದೆವು. ಅಲ್ಲಿ ಮುಂದಿನ ಚಕ್ರಗಳು ನಿಂತಲ್ಲೇ ಗಿರ್ರನೆ ತಿರುಗತೊಡಗಿದವು. ರಬ್ಬರು ಸುಟ್ಟ ವಾಸನೆ ಬಂತು. ನಾನು ಡುಗುಡು ಜೋರು ಮಾಡಿದೆ, ಚಕ್ರ ಇನ್ನೂ ಜೋರಾಗಿ ತಿರುಗಿತು, ಕಾರು ಕದಲಲಿಲ್ಲ.

ಭರಮಣ್ಣ ದಾರಿಯ ಪಕ್ಕದ ಮೋಟುಗೋಡೆಯ ಮೇಲೆ ಮಫ್ಲರು ಸುತ್ತಿಕೊಂಡು ಕೂತಿದ್ದರು.

"ಸಾಕು ಬಿಡ್ರಮ್ಮ ಇಂದ್ರಾಣಮ್ಮ," ಅಂದರು, ದನಿಯಲ್ಲಿ ಕುಹಕವಿರಲಿಲ್ಲ. "ಅದಕ್ಕ್ಯಾಕೆ ಹಿಂಸೆ ಕೊಡ್ತೀರಿ. ಸೇವಂತಿಗೆ ಚೆನ್ನಾಗೇ ಕಾಣುತ್ತೆ."

"ನಿಮ್ಮ ತಲೆ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತೆ ಭರಮಣ್ಣ, ಮಣ್ಣೂ ಒಳಗೇ ಇದೆ," ಎಂದು ಇಂದ್ರಾಣಮ್ಮ ಇಂಜಿನ್ ಆರಿಸಿದರು. ಬ್ರೇಕಿನ ಮೇಲೆ ಕಾಲಿಟ್ಟು ಕಾರನ್ನು ಹಿಂದಕ್ಕೆ ಜಾರಲು ಬಿಟ್ಟರು. ಜನ ಹೋ ಎಂದರು. ಬುಡಕ್ಕೆ ಬಂದು ನಿಂತಾಗ ನನ್ನ ಬಾಯಿಗೆ ಬಿಡುವು ಸಿಕ್ಕಿತು.

"ಮುಗೀತೇನಮ್ಮ?"

"ಏನು ಮುಗೀತು? ಏರಲ್ಲಿ ಭಾರ ಹಿಂದಕ್ಕೆ ವಾಲತ್ತೆ, ಎಳೆಯೋ ಚಕ್ರ ಹಗುರಾಗತ್ತೆ, ಹಗುರಾದ ಕಾಲು ನೆಲ ಕಚ್ಚಲ್ಲ. ಮುಂದೆ ಎಳೆಯೋ ಗಾಡಿಗಳದೆಲ್ಲ ಇದೇ ಕೊರತೆ, ನಂಗೆ ನಕ್ಷೆ ಬರೀವಾಗ್ಲೇ ಗೊತ್ತಿತ್ತು. ಗಾಡಿ ತಿರುಗಿಸೋಣ. ಬೆನ್ನು ಮೇಲಕ್ಕೆ, ಮೂತಿ ಕೆಳಕ್ಕೆ. ಆಗ ಭಾರವೆಲ್ಲ ಎಳೆಯೋ ಚಕ್ರದ ಮೇಲೇ ಬೀಳತ್ತೆ. ಹಿಂದಿನ ಗೇರಲ್ಲಿ ಹತ್ತೋಣ."

"ಏರು ಪೂರ್ತಿ?"

"ಪೂರ್ತಿ."

"ಅಮ್ಮಾ, ಹಿಂದಿನ ಗೇರಿಗೆ ಉಸಿರು ಒಳಗೆ ಎಳ್ಕೋಬೇಕು. ಏರು ಪೂರ್ತಿ ಎಳ್ಕೊಂಡ್ರೆ ಮೇಲೆ ಹೋಗೋ ಹೊತ್ತಿಗೆ ನಾನು ಬಲೂನು."

"ನಿನ್ನ ಕೈಲಿ ಆಗಲ್ಲ ಅನ್ನು, ಇಳಿದು ಹೋಗು. ನಾನು ಇದ್ರಲ್ಲೇ ಕೂತಿರ್ತೀನಿ. ನನ್ನ ಸಮೇತ ಮಣ್ಣು ಹಾಕ್ಲಿ."

ಅದು ಬೆದರಿಕೆಯಲ್ಲ, ಅವರು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ನಿಜವಾಗಿ ಹಾಗೇ ಕೂತಿದ್ದರು. ಗುಮಾಸ್ತರು ಸರ್ಕಲ್ಲಿನ ಕಡೆ ನೋಡಿ ಗುದ್ದಲಿಯವರಿಗೆ ಸನ್ನೆ ಮಾಡುತ್ತಿದ್ದುದೂ ಕಾಣುತ್ತಿತ್ತು. ನನಗೆ ರೇಗಿತು. "ಆಗಲ್ಲ ಅಂತ ಯಾರಂದ್ರು," ಎಂದು ಒಂದು ತುಂಡು ಜ್ಯೇಷ್ಠಮಧು ದವಡೆಗೆ ಒತ್ತಿಕೊಂಡೆ.

ಕಾರು ತಿರುಗಿತು. ಮೂತಿ ಊರಿನ ಕಡೆ, ಬೆನ್ನು ಪುರಸಭೆಯ ಕಡೆ. ಅವರು ಕೊಡೆಯ ಹಿಡಿಯನ್ನು ತಿರುಚಿ ಒಳಕ್ಕೆ ನೂಕಿದರು. ನಾನು ಎದೆಯನ್ನು ಪೂರ್ತಿ ಬರಿದು ಮಾಡಿ, ಉಸಿರನ್ನು ಎಳೆಎಳೆಯಾಗಿ ಒಳಗೆಳೆಯುತ್ತ ಡುಗುಡು ಕಿಟಕಿ ಎಂದೆ. ಚಕ್ರ ನೆಲ ಕಚ್ಚಿತು. ಕಾರು ಹಿಂದುಹಿಂದಾಗಿ ಏರತೊಡಗಿತು, ಒಂದು ಚೂರೂ ಜಾರದೆ. ಪಕ್ಕೆಲುಬುಗಳು ಅಗಲವಾದವು, ಅಂಗಿಯ ಗುಂಡಿ ಒಂದು ಸಿಡಿಯಿತು. ಮೊದಲ ಸಲ ಚಕ್ರ ಸೋತ ಜಾಗ ದಾಟಿದೆವು. ಅಲ್ಲಿಗೆ ಎದೆ ತುಂಬಿತು. ಇನ್ನೊಂದು ಸಾಸಿವೆಯಷ್ಟು ಗಾಳಿಗೂ ಜಾಗವಿಲ್ಲ. ಮೋಟುಗೋಡೆಯ ಮೇಲೆ ಭರಮಣ್ಣ ಎದ್ದು ನಿಂತದ್ದು ಕಂಡಿತು, ನಾನು ಬೀಳುವುದನ್ನು ನೋಡಲು. ಉಸಿರು ತಾನಾಗಿ ಹೊರಕ್ಕೆ ನುಗ್ಗಿತು, ಬಾಯಿ ಮಾತ್ರ ರೂಢಿಯಿಂದ ಕಿಟಕಿ ಕಿಟಕಿ ಅನ್ನುತ್ತಲೇ ಇತ್ತು.

ಕಾರು ನಿಲ್ಲಲಿಲ್ಲ. ಹಿಂದಕ್ಕೆ ಹತ್ತುತ್ತಲೇ ಇತ್ತು.

ಕಣ್ಣು ಕತ್ತಲಿಡುತ್ತಿದ್ದರೂ ನನಗೆ ನಗು ಬಂತು. ಕಿಟಕಿಯನ್ನು ಬಲದಿಂದ ಓದಿದರೂ ಕಿಟಕಿ, ಎಡದಿಂದ ಓದಿದರೂ ಕಿಟಕಿ. ಡುಗುಡು ಕೂಡ. ಕಾವ್ಯಶಾಸ್ತ್ರದಲ್ಲಿ ಇದಕ್ಕೆ ಗತಪ್ರತ್ಯಾಗತ ಅನ್ನುತ್ತಾರೆ, ಹೋದದ್ದೇ ಮರಳಿ ಬರುವುದು. ಗುರ್ರ್ ಟಟಟ ಊಊ ಎಂಬುದನ್ನು ಉಸಿರು ಬಿಡುತ್ತ ಹೇಳಿದರೆ ಒಂದು, ಎಳೆಯುತ್ತ ಹೇಳಿದರೆ ಇನ್ನೊಂದು. ಯಂತ್ರಕ್ಕೆ ವ್ಯತ್ಯಾಸ ತಿಳಿಯುತ್ತದೆ. ಬಾಲವಿಲ್ಲದ ಈ ಸದ್ದಿನಲ್ಲಿ ಉಸಿರು ಒಳಗೆ ಬಂತೋ ಹೊರಗೆ ಹೋಯಿತೋ ಮುಂಗಾಲಿಗೆ ತಿಳಿಯುವ ಹಾಗೇ ಇರಲಿಲ್ಲ. ಹಿಂದಿನ ಗೇರಿನಲ್ಲಿದ್ದೇನೆ, ಹಿಂದಕ್ಕೆ ಹೋಗುತ್ತೇನೆ, ಅಷ್ಟೇ ಅದರ ಲೆಕ್ಕ. ನಾನು ಮನೆಯಲ್ಲಿ ಕೂತವನ ಹಾಗೆ ಆರಾಮವಾಗಿ ಉಸಿರು ಬಿಡುತ್ತ, ಎಳೆಯುತ್ತ, ಇಡೀ ಏರನ್ನು ಕಿಟಕಿಯಿಂದ ಹತ್ತಿದೆ.

ಪುರಸಭೆಯ ಬಾಗಿಲಲ್ಲಿ ದಾನಪ್ಪನವರು ಸದಸ್ಯರನ್ನು ಕಟ್ಟಿಕೊಂಡು ನಿಂತಿದ್ದರು. ಮುಂಗಾಲಿ ತನ್ನ ಹಿಂಭಾಗವನ್ನು ನೇರವಾಗಿ ಅವರಿಗೆ ಕೊಟ್ಟು ಮೆಟ್ಟಿಲ ಹತ್ತಿರ ನಿಂತಿತು. ಇಂದ್ರಾಣಮ್ಮ ಗೇರು ಬಿಡಿಸಿದರು, ಇಂಜಿನ್ ಆರಿಸಲಿಲ್ಲ. ನಾನು ಮೆಲ್ಲಗೆ ಡುಗುಡು ಅನ್ನುತ್ತ ಅದನ್ನು ಜೀವಂತ ಇಟ್ಟೆ. ಏರಿನುದ್ದಕ್ಕೂ ಜನ ಹತ್ತಿ ಬರುತ್ತಿದ್ದರು.

"ಹ್ಮ್. ಖೊಕ್ ಖೊಕ್. ಹೇಳೋದೇನಂದ್ರೆ," ಎಂದರು ದಾನಪ್ಪನವರು, "ಇದು ಬಂದ ಹಾಗಲ್ಲ. ಪುರಸಭೆಗೆ ಬೆನ್ನು ತೋರಿಸ್ಕೊಂಡು ಬಂದಿದೆ. ಮುಖ ಮಾಡಿ ಬಂದಿದ್ರೆ ಬರ್ಕೋಬಹುದಿತ್ತು."

ಭರಮಣ್ಣ ಏದುಸಿರು ಬಿಡುತ್ತ ಬಂದು, ಯಾರನ್ನೂ ಮಾತಾಡಿಸದೆ, ಕಾರಿನ ಹಿಂದಿನ ಅಚ್ಚಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಬಳಿ ಬಂದು, "ಟಕಾರ ಸ್ವಲ್ಪ ಜಾಸ್ತಿ ಒತ್ತುತೀಯ. ನಾಲಿಗೆ ಒಡೆಯುತ್ತೆ," ಎಂದಷ್ಟೇ ಹೇಳಿ ಪಕ್ಕಕ್ಕೆ ನಿಂತರು.

ಇದರಿಂದ ದಾನಪ್ಪನವರಿಗೆ ಇನ್ನೂ ಕೋಪ ಬಂತು. "ಇದೆಲ್ಲ ಪುರಸಭೆ ಮರ್ಯಾದೆ ತೆಗೆಯೋ ಸಂಚು. ಇದ್ರ ಹಿಂದೆ ಯಾರಿದಾರೆ ಅಂತ ನಂಗೆ ಗೊತ್ತಾಗ್ಬೇಕು," ಎಂದರು.

ಓದುಗರೇ, ಅಂಥ ಎಸೆತ ನನ್ನಂಥವನಿಗೆ ಜೀವಮಾನದಲ್ಲಿ ಒಮ್ಮೆ ಬರುತ್ತದೆ. ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಆದರೆ ಆ ನಾಲಿಗೆಯ ಮೇಲೆ ಒಂದು ಇಂಜಿನ್ ಓಡುತ್ತಿತ್ತು. ಒಂದು ಮಾತು ಆಡಿದರೂ ಅದು ನಿಲ್ಲುತ್ತದೆ, ನಿಂತರೆ ಸಾಮಾನು, ಸಾಮಾನಾದರೆ ಸೇವಂತಿಗೆ. ಅಷ್ಟು ಒಳ್ಳೆಯ ಶ್ಲೇಷೆಯನ್ನು ಡುಗುಡು ಡುಗುಡು ಎಂದು ನುಂಗಿದೆ, ಕಣ್ಣಲ್ಲಿ ನೀರು ಬಂತು.

ಇಂದ್ರಾಣಮ್ಮ ಬಾಗಿಲ ಗಾಜು ಇಳಿಸಿ ತಲೆ ಹೊರಗೆ ಹಾಕಿದರು.

"ಹಿಂದೆ ಯಾರೂ ಇಲ್ಲ ದಾನಪ್ಪ, ಏನೂ ಇಲ್ಲ," ಅಂದರು. "ಇರೋದೆಲ್ಲ ಮುಂದೇನೇ."

ಅವರು ತಮಾಷೆ ಮಾಡಲಿಲ್ಲ, ಯಂತ್ರದ ವಿಷಯ ಹೇಳಿದರು. ಏರಿನ ಮೇಲಿದ್ದ ಜನ ಒಬ್ಬೊಬ್ಬರಾಗಿ ನಗತೊಡಗಿದರು. ಸದಸ್ಯರಲ್ಲೂ ಇಬ್ಬರು ಮೂವರು ಕೈ ಅಡ್ಡ ಹಿಡಿದುಕೊಂಡರು.

"ಬರ್ಕೊಳಲ್ಲ," ಎಂದರು ದಾನಪ್ಪನವರು, ಕೆಮ್ಮಲೂ ಮರೆತು. "ಇದನ್ನ ಗಾಡಿ ಅಂತ ಬರ್ಕೊಳಲ್ಲ. ಕುಂಡ ಅಂತ ಆಗಿದೆ, ಕುಂಡವೇ."

"ಬರ್ಕೊಳೋದು ಬಿಡೋದು ನಿಮ್ಮಿಷ್ಟ. ನಾನು ಬಂದಿದ್ದು ತೋರಿಸೋಕೆ, ಬರೆಸೋಕಲ್ಲ. ಕುಂಡ ಬೇಕಾದ್ರೆ ಹಿಡ್ಕೊಳ್ಳಿ," ಎಂದು ಇಂದ್ರಾಣಮ್ಮ ಕೊಡೆಯ ಹಿಡಿಯನ್ನು ಹೊರಕ್ಕೆಳೆದರು. "ಒಂದ್ನೇ ಗೇರು ನೇಮಿ. ಊರಾಚೆ ರಸ್ತೆ ಎಲ್ಲೀವರೆಗೆ ಇದೆ ಅಂತ ನಾನು ನೋಡಿಲ್ಲ."

ದಾನಪ್ಪನವರು ಪಂಚೆ ಎತ್ತಿಕೊಂಡು ಮೆಟ್ಟಿಲಿಳಿದು ಓಡಿಬಂದು ಕಾರಿನ ಮುಂದೆ, ಬೋಗುಣಿಯ ಉಬ್ಬಿಗೆ ಎರಡೂ ಕೈ ಊರಿ ನಿಂತರು. ಅವರ ಮುಖ ನನ್ನ ನೇರಕ್ಕೆ ಇತ್ತು.

"ಬಾಯಿ ಮುಚ್ಚೋ," ಎಂದರು.

ಅಧ್ಯಕ್ಷರಿಗೆ ನಾನು ಹಿಂದೆಯೂ ಎಷ್ಟೋ ಉತ್ತರ ಕೊಟ್ಟಿದ್ದೇನೆ, ಕೆಲವು ಪ್ರಾಸಬದ್ಧವಾಗಿಯೂ ಇದ್ದವು. ಎದೆ ತುಂಬ ಉಸಿರು ಎಳೆದುಕೊಂಡು, ಅವರ ಕಣ್ಣಲ್ಲಿ ಕಣ್ಣಿಟ್ಟು, ಡುಗುಡು ಎಂದೆ. ಅವರು ಕೈ ತೆಗೆದರು.